ಒಂದನೇ ನಂಬರಿನ ಗ್ಲಾಸ್

ಜನವರಿ 12, ಭಾನುವಾರ

ಕೋಪರಖೈರಣೆ ಮೀಟಿಂಗ್. ಶಾಟ್ ಗ್ಲಾಸ್, ಅಂದರೆ ಒಂದೇ ಗುಟುಕಿಗೆ ಮದ್ಯ ಕುಡಿಯುವ ಪುಟ್ಟ ಲೋಟ, ಕೂಡಿಸುವವರ ಬಳಗ, ಹದಿನೇಳು ಜನ. ಪರೀಕ್ಷಕ ನಾನು — ಜನ್ಮದಲ್ಲಿ ಒಂದು ಹನಿ ಮುಟ್ಟದವನು. ಲ್ಯಾಬಿನಲ್ಲಿ ಮೂವತ್ತು ವರ್ಷ ಅಳೆದ ಕೈ ಎಂದು ಈ ಕೆಲಸ ನನಗೇ ಗಂಟು ಹಾಕಿದ್ದಾರೆ. ನಿಯಮವೂ ನನ್ನದೇ: ಗಾಜಿನದೇ ಆಗಿರಬೇಕು, ಸಿರಿಂಜಿನಿಂದ ನೀರು ತುಂಬಿದರೆ 75 ಎಂಎಲ್ ಮೀರಬಾರದು, ಕುಡಿಯಲೆಂದೇ ಮಾಡಿದ್ದಾಗಿರಬೇಕು. ಮನೀಶ್ ತಂದ ಆರರಲ್ಲಿ ಒಂದು ಮೇಣದಬತ್ತಿ ಇಡುವ ಬಟ್ಟಲು. ಅಂಚು ದಪ್ಪ, ತಳದಲ್ಲಿ ಬತ್ತಿ ಕೂರಲು ಉಂಗುರದಂಥ ಗೆರೆ. ರಿಜೆಕ್ಟ್. ಚಹಾ ಕುಡಿಯದೆ ಎದ್ದು ಹೋದ. ಹೋಗಲಿ.

ಜನವರಿ 18, ಶನಿವಾರ

ಕಾಮೋಠೆ, ಬಳಗದ ಸರ್ವೋತ್ತಮರ ಮನೆ, ಗ್ಲಾಸ್ ಪರೀಕ್ಷೆಗೆ. ಉಡುಪಿ ಕಡೆಯವರು, ಹೋಟೆಲಿನಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್ ಆಗಿದ್ದವರು. ಹೆಂಡತಿ ತೀರಿಕೊಂಡಿದ್ದಾರೆ. ಕುಡಿತ ಬಿಟ್ಟ ಮೇಲೆ ಗ್ಲಾಸ್ ಕೂಡಿಸಲು ಹಿಡಿದರು. ಸರಿಯಾಗಿ ನೂರು. ನೂರಿದ್ದರೆ ಮಾತ್ರ ಫೆಬ್ರವರಿ ಎರಡರ ಪ್ರದರ್ಶನದಲ್ಲಿ ಸ್ವಂತ ಟೇಬಲ್.

ಒಂದನೇ ನಂಬರ್ ಎತ್ತಿ ನೋಡಿದೆ. ದಪ್ಪ ಅಂಚು. ತಳದಲ್ಲಿ ಗೆರೆ. ಮನೀಶನದರ ಅವಳಿ.

ಮಗಳು ಅನುಷ್ಕಾ ಕೊಟ್ಟಿದ್ದಂತೆ. ಠಾಣೆಯಲ್ಲೇ ಇದ್ದಾಳೆ, ಐದು ವರ್ಷದಿಂದ ಈ ಮನೆಗೆ ಕಾಲಿಟ್ಟಿಲ್ಲ. ಏಕೆಂದು ಕೇಳಲಿಲ್ಲ, ಅವರೂ ಹೇಳಲಿಲ್ಲ.

"ಟೇಬಲ್ ನೋಡ್ಲಿಕ್ಕೆ ಬರ್ತೇನೆ ಅಂದಿದ್ದಾಳೆ ಮಾರಾಯ್ರೆ. ಮೊದಲನೇದು ನಿಂದೇ ಅಂದೆ. ಅದಿನ್ನೂ ಇಟ್ಟಿದ್ದೀರಾ ಅಂತ ಕೇಳಿದ್ಲು."

ನೀರು ತುಂಬಿದೆ. 70. ಮತ್ತೆ ತುಂಬಿದೆ. 70. ಅಳತೆಯದಲ್ಲ ತಕರಾರು. ಪೆಂಡಿಂಗ್ ಎಂದು ಬರೆದು ಬಂದೆ.

ಜನವರಿ 19

ಪೂನಂಗೆ ಹೇಳಿದೆ. ಹೆಂಡತಿಯ ತೀರ್ಪು ಒಂದೇ ಏಟಿಗೆ: "ಪಾಸ್ ಅಂತ ಬರೀರಿ. ಯಾರಪ್ಪನ ಗಂಟು ಹೋಗ್ತದ?"

ಬರೆಯಬಹುದು. ಆಮೇಲೆ ಮನೀಶನಿಗೆ ಏನು ಹೇಳಲಿ? ಇದನ್ನು ಬಿಟ್ಟರೆ ತೊಂಬತ್ತೊಂಬತ್ತು. ಟೇಬಲ್ ಇಲ್ಲ. ಮಗಳೂ ಇಲ್ಲ. ಅತ್ತ ದರಿ, ಇತ್ತ ಮನೀಶ್.

ಜನವರಿ 25, ಶನಿವಾರ

ಪಾಸ್ ಮಾಡಿದೆ.

ಗ್ರೂಪಿಗೆ ಫೋಟೋ ಸಮೇತ ಲಿಸ್ಟ್ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಮನೀಶ್ ತನ್ನ ಬಟ್ಟಲಿನ ಫೋಟೋ ಹಾಕಿದ. ಕೆಳಗೆ ನಾಲ್ಕು ನಗುವ ಮುಖ. ಅವನದನ್ನೂ ಪಾಸ್ ಮಾಡಿದೆ. ಮೂವತ್ತು ವರ್ಷದಲ್ಲಿ ಒಂದೂ ಸುಳ್ಳು ರೀಡಿಂಗ್ ಬರೆದವನಲ್ಲ. ನಾಚಿಕೆಯಾಗುತ್ತಿದೆ. ಆದರೂ ಬರೆದೆ, ಅವಳು ಬರಲಿ ಎಂದು.

ಫೆಬ್ರವರಿ 2, ಭಾನುವಾರ. ಸಂಜೆ 6.40

ಪ್ರದರ್ಶನ ಮುಗಿಸಿ ವಾಪಸು. ಟ್ರೈನ್ ದಿವಾ ಸ್ಟೇಷನ್ನಿನ ಹತ್ತಿರ ನಿಂತಿದೆ. ಸೀಟು ಸಿಕ್ಕಿದೆ, ಬರೆಯುತ್ತಿದ್ದೇನೆ.

ಬಂದಳು. ಸರ್ವೋತ್ತಮ ಹೊಸ ಶರ್ಟು ತೊಟ್ಟು, ಇಸ್ತ್ರಿ ಗೆರೆ ಮುರಿಯದ ಹಾಗೆ ನಿಂತಿದ್ದರು. ಮಗಳನ್ನು ಕಂಡದ್ದೇ ಚಹಾ ತರುತ್ತೇನೆಂದು ಕೆಳಗೆ ಓಡಿದರು.

ಒಂದನೇ ನಂಬರ್ ಎತ್ತಿಕೊಂಡಳು. ಇದನ್ನು ಪಾಸ್ ಮಾಡಿದ್ದು ಯಾರೆಂದು ಕೇಳಿದಳು. ನಾನೇ ಎಂದೆ.

"ಅಂಕಲ್, ಯೇ ಗ್ಲಾಸ್ ಹೈ ಹೀ ನಹೀಂ, ಇದು ಗ್ಲಾಸೇ ಅಲ್ಲ. ಮಮ್ಮಿ ಫೋಟೋ ಮುಂದೆ ದೀಪ ಇಡ್ಲಿಕ್ಕೆ ತಂದದ್ದು ನಾನು. ಮಮ್ಮಿಯ ಹದಿಮೂರನೇ ದಿನ ಪಪ್ಪ ದೀಪ ಆರಿಸಿ ಇದ್ರಲ್ಲೇ ಕುಡಿದ್ರು. ಅವ್ರಿಗೆ ನೆನಪಿಲ್ಲ."

ಗ್ಲಾಸನ್ನು ಇದ್ದಲ್ಲೇ ಇಟ್ಟಳು. ಅಷ್ಟರಲ್ಲಿ ಅವರು ಮೂರು ಚಹಾ ಹಿಡಿದು ಬಂದರು. ಕುಡಿದಳು. ಅಪ್ಪನಿಗೆ ಏನೂ ಹೇಳಲಿಲ್ಲ. ಟ್ರೈನಿಗೆ ಹೊತ್ತಾಯಿತು ಎಂದು ಹೊರಟಳು. ಚಹಾ ಕುಡಿದಳಲ್ಲ, ಚಹಾ ಕುಡಿದಳಲ್ಲ ಎಂದು ಆಮೇಲೆ ಅವರದೊಂದೇ ಜಪ.

ಫೆಬ್ರವರಿ 3. ಬೆಳಿಗ್ಗೆ 9

ಸರ್ವೋತ್ತಮರ ಫೋನ್, ಎರಡು ಸಲ. ಎತ್ತಲಿಲ್ಲ. ಮೂರನೆಯದಕ್ಕೆ ಪೂನಂ ಎತ್ತಿ ನನ್ನ ಕೈಗೆ ಕೊಟ್ಟಳು.

"ನಾನು ಮೆಟ್ಟಿಲಿನಿಂದ ನೋಡಿದೆ. ಗ್ಲಾಸ್ ಹಿಡ್ಕೊಂಡು ನಿಮ್ಮ ಹತ್ರ ಏನೋ ಹೇಳಿದ್ಲು. ಏನು ಹೇಳಿದ್ಲು? ನಿನ್ನೆಯಿಂದ ಅವಳ ಫೋನ್ ಬಂದ್."

ಬಾಗಿಲಲ್ಲಿ ಯಾರೋ ಬಂದಿದ್ದಾರೆ, ಮತ್ತೆ ಮಾಡುತ್ತೇನೆ ಎಂದೆ. ಯಾರೂ ಬಂದಿಲ್ಲ. 'ಪಪ್ಪ ಗ್ಲಾಸ್ ಚೆನ್ನಾಗಿ ಇಟ್ಟುಕೊಂಡಿದ್ದಾರೆ' ಎಂದಳು — ಹೀಗೆ ಹೇಳಿದರೆ ಆಯಿತು. ಇನ್ನೊಂದು ಪಾಸ್. ನಿಜ ಹೇಳಿದರೆ ಆ ಮನುಷ್ಯ ಮತ್ತೆ ಕುಡಿಯಲು... ಹೇಳದಿದ್ದರೆ ಜೀವನಪೂರ್ತಿ ಅವಳ ದಾರಿ ಕಾಯುತ್ತ...

ಅವರದೇ ಫೋನ್. ಎತ್ತಿ ಹೀಗೆ ಹೇಳುತ್ತೇನೆ: ನೋಡಿ ಸರ್ವೋತ್ತಮ, ಅವಳು ಹೇಳಿದ್ದು...