ನೋ ಇಶ್ಯೂ

ಚಿರಂಜೀವಿ ವಿಘ್ನೇಶನಿಗೆ,

ಚಿರಂಜೀವಿ ಎಂದು ಬರೆಯಲು ಕೈ ಬರಲಿಲ್ಲ. ತಮ್ಮನಾಗಿ ಹುಟ್ಟಿದ್ದೀಯ, ಬರೆದೆ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ.

ಇಲ್ಲಿ ಎನ್.ಆರ್. ಪುರದ ಕಾಲೇಜು ಲೈಬ್ರರಿಯಲ್ಲಿ ದಿನಕ್ಕೆ ನಲವತ್ತು ಸಲವಾದರೂ ನಾನು ಇಶ್ಯೂ ಎನ್ನುತ್ತೇನೆ. ಪುಸ್ತಕ ಇಶ್ಯೂ ಮಾಡುವುದೇ ನನ್ನ ಕೆಲಸ. ವಾರಪತ್ರಿಕೆಯ ಹೊಸ ಸಂಚಿಕೆಯೂ ಇಶ್ಯೂ, ಕಂಪ್ಯೂಟರ್ ಕೆಟ್ಟರೂ ಇಶ್ಯೂ. ಮದುವೆಯ ಬಯೋಡೇಟಾದಲ್ಲಿ ಮಾತ್ರ ಅದಕ್ಕೆ ಮಕ್ಕಳು ಎಂದರ್ಥ. ಕೊಪ್ಪದಲ್ಲಿ ಹತ್ತು ವರ್ಷದಿಂದ ಟೈಪಿಂಗ್ ಅಂಗಡಿ ಇಟ್ಟು ಊರವರಿಗೆಲ್ಲ ಬಯೋಡೇಟಾ ಮಾಡಿಕೊಟ್ಟ ನಿನಗೆ ಇದು ಗೊತ್ತಿರಲಿಲ್ಲವೆಂದು ನಾನು ನಂಬಬೇಕೆ? ನನ್ನದರಲ್ಲಿ ನೀನು ‘ಡೈವೋರ್ಸ್ ಆಗಿದೆ, ನೋ ಇಶ್ಯೂ’ ಎಂದು ಹೊಡೆದೆ. ನನಗೆ ತೋರಿಸದೆ ಅಡ್ಡಗದ್ದೆಯ ಸುದರ್ಶನ ಅವರ ಮನೆಗೆ ಕಳಿಸಿಯೂ ಬಿಟ್ಟೆ.

ಭಾನುವಾರ ಅವರು ನನ್ನನ್ನು ನೋಡಲು ನಿನ್ನ ಮನೆಗೆ ಬರುವವರಿದ್ದರು. ಬೆಳಿಗ್ಗೆಯೇ ನಿನ್ನ ಹೆಂಡತಿ ನನ್ನ ಮಹಿಮಾಳನ್ನು ಹೊಳೆಯ ಮೀನಿಗೆ ಮಂಡಕ್ಕಿ ಹಾಕಿಸುತ್ತೇನೆಂದು ಶೃಂಗೇರಿಗೆ ಹೊರಡಿಸಿಕೊಂಡು ಹೋದಳು. ಮಗುವಿನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ. ಬಸ್ಸಿನಲ್ಲಿ ವಾಂತಿಯಾಗಿ ಮಹಿಮಾ ಅರ್ಧ ದಾರಿಯಿಂದ, ಅವರೆಲ್ಲ ಬಂದು ಕೂತಿದ್ದ ಹೊತ್ತಿಗೇ ವಾಪಸು ಬಂದಳು. ಬಂದವಳೇ ಎಲ್ಲರ ಎದುರು ನನ್ನ ಸೆರಗು ಹಿಡಿದು ನಿಂತಳು.

"ಈ ಕೂಸು ಯಾರದ್ದು?" ಎಂದು ಸುದರ್ಶನ ಅವರ ತಾಯಿ ಕೇಳಿದರು.

"ಪಕ್ಕದ್ಮನೆದು," ಅಂದೆ ನೀನು.

ಏಳು ವರ್ಷದವಳಿಗೆ ಕಿವಿ ಇರುವುದಿಲ್ಲವೇನೋ? ನನ್ನ ಮಗಳು ಎಂದು ನಾನೇ ಹೇಳಬೇಕಾಯಿತು. ಅವರು ಕಾಫಿ ಹಾಗೇ ಬಿಟ್ಟು ಎದ್ದರು. ಅವರ ಮೇಲೆ ನನಗೆ ಬೇಸರವಿಲ್ಲ, ಮೋಸ ಆದದ್ದು ಅವರಿಗೆ. ಅಡುಗೆಮನೆಗೆ ಬಂದು ನೀನು ಹೇಳಿದ್ದನ್ನು ಮಾತ್ರ ಸಾಯುವವರೆಗೂ ಮರೆಯುವುದಿಲ್ಲ: "ನೋ ಇಶ್ಯೂ ಅಂದ್ರೆ ತೊಂದರೆ ಎಂತದ್ದೂ ಇಲ್ಲ ಅಂತ್ಲೂ ಅರ್ಥ ಆಗ್ತದೆ ಅಕ್ಕ. ನಾನು ಸುಳ್ಳೆಲ್ಲಿ ಬರ್ದೆ?"

ಕೋರ್ಟಿಗೆ ಅಲೆಯುವಾಗ ಮಹಿಮಾಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ನೀನೇ. ನನ್ನ ಒಳ್ಳೆಯದಕ್ಕೇ ಮಾಡಿದ್ದೀಯ, ಅದೂ ಗೊತ್ತು. ಬೇರೆ ಯಾರಾದರೂ ಆಗಿದ್ದರೆ ಉಗಿದು ಸುಮ್ಮನಾಗುತ್ತಿದ್ದೆ.

ನಿನ್ನೆ ಸಂಜೆ ಗ್ಯಾಸಿನವರು ಬಾಗಿಲು ತಟ್ಟಿದರು. ಹೋಂವರ್ಕ್ ಬರೆಯುತ್ತಿದ್ದ ಮಹಿಮಾ ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಹೇಳಿರಲಿಲ್ಲ. ಸಿಲಿಂಡರ್ ಇಳಿಸಿ ಅವರು ಹೋದ ಮೇಲೆ ಬಾಗಿಲ ಸಂದಿಯಿಂದ ಕೇಳಿದಳು, "ಅಮ್ಮಾ, ನಾನೀಗ ಹೊರಗೆ ಬರ್ಬಹುದಾ?"

ಇದಕ್ಕೆ ಎಷ್ಟು ಅರ್ಥ ಇದೆ, ಟೈಪ್ ಮಾಡಿ ಕಳಿಸು.

ದೇವರು ನಿನಗೆ ಒಳ್ಳೆಯದು ಮಾಡಲಿ. ಇದಕ್ಕಿಂತ ದೊಡ್ಡ ಹಾರೈಕೆ ಸದ್ಯಕ್ಕೆ ನನ್ನಲ್ಲಿಲ್ಲ. ನಮ್ಮ ಮನೆಗೆ ಬರುವುದಾದರೆ ಹೊರಗೆ ನಿಂತು, ಕೇರಿಗೆಲ್ಲ ಕೇಳುವ ಹಾಗೆ ಅವಳ ಹೆಸರು ಹಿಡಿದು ಕರೆ. ಬಾಗಿಲು ಅವಳೇ ತೆಗೆಯಬೇಕು. ನಾನು ತೆಗೆಯುವುದಿಲ್ಲ.

ನಿನ್ನ ಅಕ್ಕ,
ಭಾರ್ಗವಿ