ಅಜ್ಜನ ಕೋವಿಯ ಅರಿಸಿನ ಒರೆಸಿದ ದಿನ

ಹೊಸನಗರ
ಡಿಸೆಂಬರ್ 1962

ಹಿಮದ ಗಡಿಯಲ್ಲಿ ಯಾವ ಗುಡ್ಡದ ಮರೆಯಲ್ಲೇ ಇರು, ತಮ್ಮ ಗುತ್ಯಪ್ಪಾ, ನಿನ್ನ ಅಣ್ಣ ಕನ್ನಪ್ಪ ಕೂಗುತ್ತಿದ್ದೇನೆ, ಕೇಳು.

ಸಾಗರದ ನಾಟಕದ ಡೇರೆಯಲ್ಲಿ ಮೈಕಿಲ್ಲದೆ ನಿಂತು, ಕಡೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನ ಎದೆಯನ್ನೂ ನಡುಗಿಸಿದ ಗಂಟಲು ಇದು. ಈಗ ಅದು ನಮ್ಮ ಅಂಗಳವನ್ನೂ ದಾಟುತ್ತಿಲ್ಲ. ಯುದ್ಧ ನಿಂತಿತೆಂದು ರೇಡಿಯೋ ಹೇಳಿ ವಾರಗಳಾದವು. ನಿನ್ನ ಕಡೆಯ ಕಾಗದ ಬಂದದ್ದು ಮಹಾನವಮಿಗೆ. ‘ಆಯುಧಪೂಜೆಗೆ ಅಜ್ಜನ ಕೋವಿಗೆ ನನ್ನ ಹೆಸರಲ್ಲೂ ಒಂದು ಬೊಟ್ಟು ಇಡು ಅಣ್ಣಾ’ ಎಂದು ಬರೆದಿದ್ದೆ. ಇಟ್ಟೆ. ಆಮೇಲೆ ನಿನ್ನಿಂದ ಒಂದು ಗೆರೆಯೂ ಇಲ್ಲ.

ಆ ಕೋವಿಯ ವಿಷಯವನ್ನೇ ಹೇಳಬೇಕು. ನಿನಗಲ್ಲದೆ ಇನ್ನಾರಿಗೂ ಹೇಳುವಂತಿಲ್ಲ.

ರಕ್ಷಣಾ ನಿಧಿಗೆಂದು ಹೊಸನಗರದ ಪೇಟೆಯಲ್ಲಿ ಹೆಂಗಸರು ಬಳೆ, ಮೂಗುಬೊಟ್ಟು ಬಿಚ್ಚಿ ಕೊಡುತ್ತಿದ್ದರು. ನಿನ್ನ ಸರೋಜ ಕಿವಿಯೋಲೆ ಕೊಟ್ಟಳು. ಕೊಡಲು ಏನೂ ಇಲ್ಲದ ಅವ್ವ ಗೋಡೆಯ ಗೂಟದಿಂದ ಕೋವಿ ಇಳಿಸಿ ನನ್ನ ಮುಂದಿಟ್ಟಳು. “ನಗರದ ಕೋಟೆ ಅರಸರ ಕಾಲದ್ದು ಅಂತಿದ್ದರಲ್ಲ ನಿಮ್ಮಜ್ಜ. ಹಳೇ ಸಾಮಾನು ಕೊಳ್ಳೋ ದೊಡ್ಡೋರು ಇರ್ತಾರಂತೆ. ಬಲ್ಲೋರಿಗೆ ತೋರ್ಸು. ಬಂದದ್ರಲ್ಲಿ ಹುಡುಗ್ರಿಗೆ ಕಂಬಳಿ ಹೋಗ್ಲಿ” ಅಂದಳು.

ಅಜ್ಜ ಮೈಸೂರಿನ ದಂಡಿನಲ್ಲಿದ್ದವರು. ಆದರೂ ಕೋವಿ ಮಾತ್ರ ತಲೆಮಾರುಗಳಿಂದ ಬಂದದ್ದು ಎನ್ನುತ್ತಿದ್ದರು. ಅವರ ಮಾತನ್ನು ನಾವು ಒರೆಗೆ ಹಚ್ಚಿದವರಲ್ಲ. ಗುಂಡು ಹಾರಿಸುವ ಬೋಲ್ಟು ಇಲ್ಲದ ಆ ಕೋವಿಯನ್ನು ನಾನು ಎಷ್ಟು ರಾಜರ ಪಾತ್ರದಲ್ಲಿ ಹೆಗಲಿಗೇರಿಸಿಲ್ಲ. ಪರದೆಯ ಹಿಂದೆ ಪಟಾಕಿ ಹೊಡೆಯುವುದು ನಿನ್ನ ಕೆಲಸ. ಒಮ್ಮೆ ನಾನು ಗುರಿ ಇಡುವ ಮೊದಲೇ ನೀನು ಹೊಡೆದುಬಿಟ್ಟೆ. ಶತ್ರು ತಾನಾಗಿಯೇ ಬಿದ್ದ. ಜನ ನಕ್ಕರು. “ಕೋವಿಗೆ ನಿನ್ನ ಮಾತು ಮುಗಿಯೋ ತನಕ ಕಾಯೋಕೆ ಆಗ್ಲಿಲ್ಲ ಅಣ್ಣಾ” ಅಂದೆಯಲ್ಲೋ.

ಜಮಖಾನದಲ್ಲಿ ಸುತ್ತಿಕೊಂಡು ಹುಂಚದ ಮೇಲೆ ಹೋಗುವ ಬಸ್ಸು ಹತ್ತಿದೆ. “ಯಾವೂರಲ್ಲಿ ನಾಟಕ ಮೇಷ್ಟ್ರೇ?” ಎಂದ ಕಂಡಕ್ಟರ್. ತೀರ್ಥಹಳ್ಳಿಯಲ್ಲಿ ಎಂದೆ. ಅಲ್ಲಿರುವುದು ಸುಬೇದಾರ್ ಮುಕುಂದಯ್ಯನವರ ಮನೆ. ಸೈನ್ಯ ಬಿಟ್ಟು ಬಂದ ಮೇಲೂ ಸೊಸೆಯಂದಿರನ್ನು ಪೆರೇಡಿನಲ್ಲಿ ನಿಲ್ಲಿಸುವ ಮನುಷ್ಯ. ಜಮಖಾನ ಬಿಚ್ಚುತ್ತಿದ್ದಂತೆಯೇ, “ಯಾರ್ರೀ ಇದಕ್ಕೆ ಅರಿಸಿನ ಬಳಿದು ಮದುಮಗಳು ಮಾಡಿದ್ದು?” ಎಂದು ಗದರಿದರು.

ನಮ್ಮಲ್ಲಿ ದೇವರ ಬೊಟ್ಟು ಒರೆಸುವ ಪದ್ಧತಿ ಇಲ್ಲವಲ್ಲ. ಮರದ ಹಿಡಿಯೂ ಕಬ್ಬಿಣವೂ ಸೇರುವ ಕೋವಿಯ ಕುತ್ತಿಗೆಯ ಮೇಲೆ ಪ್ರತಿ ಆಯುಧಪೂಜೆಗೂ ಗಂಧ, ಅರಿಸಿನ, ಕುಂಕುಮ. ಹೋದ ವರ್ಷದ್ದರ ಮೇಲೆ ಈ ವರ್ಷದ್ದು. ಗಾರೆಯಂತೆ ಗಟ್ಟಿಯಾಗಿತ್ತು. ಅವರು ಸೀಮೆಎಣ್ಣೆ ಬಟ್ಟೆ ತರಿಸಿ ತಿಕ್ಕಿದರು. ಮೇಲಿನ ಪದರ ನೀನು ಇಡಿಸಿದ ಬೊಟ್ಟು. ಅದೇ ಮೊದಲು ಹೋಯಿತು. ನನ್ನ ಕೈ ತಡೆಯಲು ಮುಂದಾಯಿತು, ಅಷ್ಟರಲ್ಲಿ ಬಟ್ಟೆ ಕಬ್ಬಿಣ ಮುಟ್ಟಿತ್ತು.

ತಳದಲ್ಲಿ ಒಂದು ಕಿರೀಟ. ಅದರ ಕೆಳಗೆ ಇಂಗ್ಲಿಷ್ ಅಕ್ಷರ. ಅದರ ಕೆಳಗೆ 1918.

“ಯಾವ ಕೋಟೇನೂ ಅಲ್ಲ, ಯಾವ ಅರಸರೂ ಅಲ್ಲ. ಇದು ತ್ರೀ-ನಾಟ್-ತ್ರೀ ರೈಫಲ್ಲು. ಕಲ್ಕತ್ತೆ ಕಡೆ ಸರ್ಕಾರಿ ಕಾರ್ಖಾನೇಲಿ ಮಾಡಿದ್ದು. ನಿಮ್ಮಜ್ಜನಿಗೆ ಬೋಲ್ಟು ಕಿತ್ಕೊಂಡು ನೆನಪಿಗೆ ಕೊಟ್ಟಿರಬೇಕು” ಅಂದರು.

ಬೆಲೆ ಎಷ್ಟಾದೀತು ಎಂದು ಕೇಳಿದೆ. ಅವರು ನನ್ನ ಮುಖ ನೋಡಿದ ರೀತಿಯನ್ನು ಯಾವ ನಟನೂ ಅಭಿನಯಿಸಲಾರ.

“ಹಳೇ ಸಾಮಾನು ಆಗಿದ್ರೆ ತಾನೇ ಬೆಲೆ, ಮೇಷ್ಟ್ರೇ. ಇವತ್ತೂ ಹುಡುಗ್ರ ಕೈಲಿರೋದು ಇದೇ. ನಿಮ್ಮ ತಮ್ಮನ ಕೈಲೂ ಇದೇ.”

ಆಮೇಲೆ ಬರಿಗೈಯಲ್ಲೇ ತೋರಿಸಿದರು. ಒಂದು ಗುಂಡು ಹಾರಿಸಬೇಕು. ಬೋಲ್ಟು ಮೇಲೆತ್ತಿ ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ನೂಕಿ ಕೆಳಗಿಳಿಸಬೇಕು, ಆಮೇಲೆ ಇನ್ನೊಂದು. ಎದುರಿನವರ ಕೋವಿಯ ಟ್ರಿಗರ್ ಒತ್ತಿ ಹಿಡಿದರೆ ಸಾಕು, ಗುಂಡು ಸುರಿಯುತ್ತಲೇ ಇರುತ್ತದಂತೆ. ಅವರ ಬೆರಳು ಗಾಳಿಯಲ್ಲಿ ಎತ್ತಿ, ಎಳೆದು, ನೂಕುತ್ತಿದ್ದವು. ನಾನು ನೋಡುತ್ತಿದ್ದದ್ದು ನಿನ್ನ ಬೆರಳು. ಆ ಚಳಿಗೆ ಅವು ಬಗ್ಗಿದವೇ ಗುತ್ಯಾ? ಎಳೆಯಲು ಆಯಿತೇ? ಎಷ್ಟು ಸಲ ಆಯಿತು?

ರಂಗದ ಮೇಲೆ ನಾನು ಹಿಡಿದು ಮೀಸೆ ತಿರುವಿದ ಕೋವಿಯನ್ನೇ ಕೊಟ್ಟು ನಿನ್ನನ್ನು ನಿಜವಾದ ಯುದ್ಧಕ್ಕೆ ನೂಕಿದರಲ್ಲೋ. ಅಲ್ಲಿ ನಿನಗಾಗಿ ಪರದೆಯ ಹಿಂದೆ ಪಟಾಕಿ ಹೊಡೆಯಲು ಯಾರಿದ್ದರು?

ಮನೆಗೆ ಬಂದೆ. ಅವ್ವ ಜಗಲಿಯಲ್ಲಿ ಕಾದಿದ್ದಳು, ಹಿಂದೆ ಸರೋಜ. ನನಗೆ ತಿಳಿಯುವ ಮೊದಲೇ ಸಾಗರದ ಡೇರೆಯ ಗಂಟಲು ಎದ್ದುಬಂತು. ನಗರದ ಕೋಟೆಯದೇ, ಮುನ್ನೂರು ವರ್ಷದ್ದು, ಸುಬೇದಾರರು ಎದ್ದು ನಿಂತು ಸಲಾಮು ಹೊಡೆದರು ಎಂದೆ. ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡು, “ಹಂಗಾರೆ ಈಗ್ಲೇ ಮಾರೋದು ಬ್ಯಾಡ. ಗುತ್ಯ ಬರ್ಲಿ, ಅವನ ಕೈಯಿಂದ್ಲೇ ಕೊಡ್ಸಣ” ಅಂದಳು.

ಸರೋಜ ಮೆಲ್ಲಗೆ ಕೇಳಿದಳು: “ಭಾವ, ಅವ್ರ ಕೈಲಿರೋದು ಹೊಸಾದು ಅಲ್ವಾ?”

ನಾಟಕದಲ್ಲಿ ಬೇರೆಯವರ ಮಾತನ್ನೂ ಬಾಯಿಪಾಠ ಮಾಡಿಕೊಂಡಿರುತ್ತಿದ್ದ ನಾನು, ಸ್ವಂತದ್ದೊಂದು ಮಾತಿಗೆ ಕಂಬ ಹಿಡಿದು ನಿಂತೆ. “ಹೊಸಾದಮ್ಮ. ಹೊಚ್ಚ ಹೊಸಾದು” ಅಂದೆ. ಅವಳು ತಲೆಯಾಡಿಸಿ ಒಲೆಯ ಕಡೆ ಹೋದಳು. ಆ ದಿನ ಅವಳು ಹೊಟ್ಟೆತುಂಬ ಉಂಡಳು ತಮ್ಮಾ.

ಕೋವಿ ಮತ್ತೆ ಗೂಟದ ಮೇಲಿದೆ. ಕಿರೀಟ ಕಾಣದಂತೆ ನಾನೇ ಹೊಸದಾಗಿ ಗಂಧ ಮೆತ್ತಿದ್ದೇನೆ. ನೀನು ಬಾ. ಬಂದು ಅದನ್ನು ಒರೆಸಿ ತೋರಿಸು, ಅಣ್ಣ ಸುಳ್ಳ ಎಂದು ಊರೆದುರು ಬಯ್ಯಿ. ನಾನು ತಲೆ ತಗ್ಗಿಸಿ ಕೇಳುತ್ತೇನೆ, ಒಂದು ಮಾತೂ ಆಡುವುದಿಲ್ಲ. ಬರಲಾಗದಿದ್ದರೆ ಬರೆ. ಬೆರಳು ಬಗ್ಗದಿದ್ದರೆ ಪಕ್ಕದವನ ಕೈಯಲ್ಲಿ ಬರೆಸು. ಇದ್ದೇನೆ ಎನ್ನುವ ಒಂದು ಮಾತು ಸಾಕು.

ಅವ್ವನ ಹರಕೆ, ಸರೋಜಳ ಉಸಿರು ನಿನ್ನನ್ನು ಕಾಯಲಿ. ನಿನ್ನ ಎರಡು ಕೈಗಳೂ ಬೆಚ್ಚಗಿರಲಿ.

ನಿನ್ನ ಅಣ್ಣ,
ಕನ್ನಪ್ಪ