ಸಮುದ್ರದ ಪಾಚಿ, ನಮ್ಮನೆ ಪಾಚಿ

ಪ್ರೀತಿಯ ಸಿಂಚನ,

ಪ್ರೀತಿಯ ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ. ಹೊಡೆದುಹಾಕಿದ ಗೀಟು ನಿನಗೆ ಕಾಣಿಸುತ್ತದೆ, ಕಾಣಿಸಲಿ. ಫೋನಿನಲ್ಲಿ ಹೇಳಿದ್ದರೆ ನೀನು "ಅಯ್ಯೋ ಬಿಡಿ ಅತ್ತಿಗೆ" ಎಂದು ನಕ್ಕುಬಿಡುತ್ತಿದ್ದೆ. ಕಾಗದವಾದರೆ ನಾನು ಮುಗಿಸುವ ತನಕ ನೀನು ಕೇಳಿಸಿಕೊಳ್ಳಲೇಬೇಕು. ಮಧ್ಯಾಹ್ನದ ಹೊತ್ತು. ನಿಮ್ಮಮ್ಮ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಾರೆ. ನಿಮ್ಮಣ್ಣ ಏರ್‌ಪೋರ್ಟಿಗೆ ಬಾಡಿಗೆ ಹೋದವರು ಇನ್ನೂ ಬಂದಿಲ್ಲ. ನನ್ನ ಎಡಗಾಲು ಜೋಮು ಹಿಡಿದಿದೆ, ಅಲ್ಲಾಡಿಸುವ ಹಾಗಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಹೇಳಬೇಕಾದದ್ದು ಇದು. ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಿನ್ನ ಸಂಬಳದ ಮೇಲಲ್ಲ, ಸ್ಕೂಟರಿನ ಮೇಲಲ್ಲ. ನಿನ್ನ ಕೈಯ ಮೇಲೆ.

ಮುದ್ದೆಗೆ ಇಟ್ಟಿದ್ದ ಎಸರು ಮೌಲ್ಯಳ ತೊಡೆಯ ಮೇಲೆ ಚೆಲ್ಲಿದ ದಿನ ನೀನು ಇಲ್ಲಿರಲಿಲ್ಲ. ನಿಮ್ಮಮ್ಮ ಟೂತ್‌ಪೇಸ್ಟ್ ಹಿಡಿದು ಓಡಿ ಬಂದರು. ನಾನು ಅವರ ಕೈ ತಳ್ಳಿ ಮಗುವನ್ನು ನಲ್ಲಿಯ ಕೆಳಗೆ ಹಿಡಿದೆ. ಕಿರುಚಿದಳು, ನನ್ನ ಕೆನ್ನೆ ಪರಚಿದಳು, ನಾನು ಬಿಡಲಿಲ್ಲ. ಆಮೇಲೆ ಆಸ್ಪತ್ರೆಯ ಸರದಿ. ಗಾಯಕ್ಕೆ ಹಾಕಿದ ಗಾಜ್ ಬಟ್ಟೆ ಒಣಗಿ ಅಂಟಿಕೊಂಡುಬಿಡುತ್ತಿತ್ತು. ಎಷ್ಟು ನಿಧಾನವಾಗಿ ಬಿಡಿಸಿದರೂ ಹೊಸದಾಗಿ ಬಂದ ಎಳೆ ಚರ್ಮ ಅದರ ಜೊತೆಗೇ ಎದ್ದು ಬರುತ್ತಿತ್ತು. "ಕೈ ಗಟ್ಟಿಯಾಗಿ ಹಿಡ್ಕೊಳಮ್ಮ" ಅನ್ನುತ್ತಿದ್ದರು ಅಲ್ಲಿಯ ನರ್ಸು. ಹಿಡಿದುಕೊಂಡವಳು ನಾನು. ಕೀಳುವ ಕೈ ಯಾವುದು, ಹಿಡಿಯುವ ಕೈ ಯಾವುದು ಎಂದು ಎರಡು ವರ್ಷದ ಮಗುವಿಗೆ ಏನು ಗೊತ್ತಾಗಬೇಕು? ಅವಳ ಮುಖದ ಹತ್ತಿರ ಇದ್ದದ್ದು ನನ್ನ ಮುಖ.

ಆಮೇಲೆ ನೀನು ಬಂದೆ. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ ಮುಗಿಸಿಕೊಂಡು, ನಿಮ್ಮ ಡಾಕ್ಟರನ್ನು ಕೇಳಿ, ಅರಳೆಯಂಥ ಬಿಳಿಯ ಹಾಳೆಗಳನ್ನು ತಂದೆ. "ಇದು ಸಮುದ್ರದ ಪಾಚಿಯಿಂದ ಮಾಡಿದ್ದು ಅತ್ತಿಗೆ. ಆಲ್ಜಿನೇಟ್ ಅಂತಾರೆ. ಗಾಯದ ನೀರನ್ನ ಕುಡ್ಕೊಂಡು ಲೋಳೆ ಆಗುತ್ತೆ, ಅಂಟಲ್ಲ. ತೊಳೆದ್ರೆ ಜಾರ್ಕೊಂಡು ಬರುತ್ತೆ" ಅಂದೆ. ನಾನು ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳು ಕಣೇ. ಕಂದು ಪಾಚಿಯ ಜೀವಕೋಶದ ಗೋಡೆಯಲ್ಲಿ ಆಲ್ಜಿನಿಕ್ ಆಮ್ಲ ಇರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಐಸ್‌ಕ್ರೀಮ್ ಮಂದವಾಗಲು ಬಳಸುತ್ತಾರೆ ಎಂಬಷ್ಟೇ ನೆನಪಿತ್ತು. ನಾನು ಬಾಯಿಪಾಠ ಮಾಡಿದ ಪಾಚಿ ನಿನ್ನ ಬೆರಳುಗಳಿಂದ ನನ್ನ ಮಗಳ ತೊಡೆಯ ಮೇಲೆ ಹೋಗಿ ಕೂತಿತು.

ಅದನ್ನು ಮೊದಲ ಸಲ ಬಿಚ್ಚಿದಾಗ ನಾನು ಕೂಗಾಡಿದ್ದು ನೆನಪಿದೆಯಾ? ಹಳದಿ ಕಂದು ಬಣ್ಣದ ಲೋಳೆ, ಏನೋ ವಾಸನೆ. "ಕೀವಾಗಿದೆ, ಏನು ಮಾಡಿಟ್ಟಿದ್ದೀಯ ನೋಡು" ಅಂದೆ. ಆ ಕ್ಷಣ ನನಗೆ ಹೆದರಿಕೆಯ ಜೊತೆಗೆ ಚಿಟಿಕೆಯಷ್ಟು ಸಮಾಧಾನವೂ ಆಗಿತ್ತು. ನಿನ್ನ ಕೈಯೂ ಸೋತಿತು ಎಂಬ ಸಮಾಧಾನ. ನೀನು ಜಗಳಕ್ಕೆ ಬರಲಿಲ್ಲ. "ಕೀವಲ್ಲ ಅತ್ತಿಗೆ, ಪಾಚಿ ಕರಗಿರೋದು" ಎಂದು ಸಲೈನ್ ಬಿಟ್ಟೆ. ಲೋಳೆ ಜಾರಿ ಹೋಯಿತು. ಅಡಿಯಲ್ಲಿ ದಾಳಿಂಬೆ ಕಾಳಿನ ಬಣ್ಣದ ಹೊಸ ಮಾಂಸ. ಮೌಲ್ಯ ಅಳಲಿಲ್ಲ. ಅವಳ ಕೈ ಹಿಡಿಯಲು ನಾನು ಬಗ್ಗಿದರೆ, "ಅಮ್ಮ ಬೇಡ, ಅತ್ತೆ" ಅಂದಳು.

ಗಾಜ್ ಬಟ್ಟೆಯ ದಿನಗಳು ನನ್ನ ಪಾಲಿಗೆ ಬಂದವು, ಪಾಚಿಯ ದಿನಗಳು ನಿನ್ನ ಪಾಲಿಗೆ.

ಹೋಗಲಿ, ಅದನ್ನಾದರೂ ಸಹಿಸಬಹುದಿತ್ತು. ನೀನು ನನ್ನ ಮಾತನ್ನೂ ತೆಗೆದುಕೊಂಡೆ. ಅವಳು ಹುಟ್ಟಿದಾಗಿನಿಂದ ನಮ್ಮನೆಯಲ್ಲಿ ಪಾಚಿ ಅಂದರೆ ನಿದ್ದೆ. ನಾನು ಮಡಿಲು ತಟ್ಟಿ "ಪಾಚಿ ಮಾಡೋಣ ಬಾ" ಅಂದರೆ ಎಲ್ಲಿದ್ದರೂ ಬಂದು ಬಿದ್ದುಕೊಳ್ಳುತ್ತಿದ್ದಳು. ನೀನು ಆ ಹಾಳೆ ಇಡುತ್ತಾ, "ನೋಡು ಚಿನ್ನ, ಈ ಗಾಯಕ್ಕೂ ಪಾಚಿ ಮಾಡಿಸ್ತೀನಿ" ಅಂದೆ. ಅವಳು ಕೇಕೆ ಹಾಕಿ ನಕ್ಕಳು. ಅಂದಿನಿಂದ ಅವಳು ಪಾಚಿ ಅಂದರೆ ಬಾಗಿಲ ಕಡೆ ನೋಡುತ್ತಾಳೆ, ನಿನ್ನ ಸ್ಕೂಟರಿನ ಸದ್ದಿಗೆ. ಮಡಿಲು ತಟ್ಟುವುದನ್ನು ನಾನು ಬಿಟ್ಟೆ. ಗಾಯ ಬಿಸಿಯಾಗಿದೆಯೋ, ಪಟ್ಟಿ ಒದ್ದೆಯಾಗಿದೆಯೋ ಎಂದು ಮುಟ್ಟಿ ಮುಟ್ಟಿ ನೋಡುತ್ತಾ ನನ್ನ ನಿದ್ದೆಯೂ ಹೋಯಿತು.

ನಿಮ್ಮಮ್ಮನಂತೂ ಹಾಲಿನ ಡೈರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು, "ಎಲ್ಲಾ ನಮ್ಮ ಸಿಂಚನನ ಕೈಗುಣ ಕಣಮ್ಮ." ಕೈಗುಣವಲ್ಲ, ಅದು ಪಾಚಿಯ ಗುಣ ಎಂದು ನಾನು ಹಾಲಿನ ಕ್ಯಾನು ಹಿಡಿದು ಮನಸ್ಸಿನಲ್ಲೇ ಅಂದುಕೊಂಡೆ. ಮನೆಗೆ ಬಂದರೆ ನೀನು ಅವರಿಗೆ, "ಅತ್ತಿಗೆ ಅವತ್ತು ನಲ್ಲಿ ನೀರಲ್ಲಿ ಹಿಡಿದಿದ್ದಕ್ಕೇ ಗಾಯ ಆಳಕ್ಕೆ ಹೋಗಿಲ್ಲ, ಇಲ್ದಿದ್ರೆ ನನ್ನ ಪಾಚಿ ಏನು ಮಾಡ್ತಿತ್ತಮ್ಮ" ಎಂದು ಹೇಳುತ್ತಿದ್ದೆ. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ. ಅದಕ್ಕೂ ಹೊಟ್ಟೆ ಉರಿಯಿತು. ಒಳ್ಳೆಯವಳಾಗಿರುವುದು ನಿನಗೆ ಅಷ್ಟು ಸುಲಭವಾಗಿದೆಯಲ್ಲ ಎಂದು.

ಈಗ ನೀನು ಹೊಸಕೋಟೆಯ ಆಸ್ಪತ್ರೆ ಸೇರಿದ್ದೀಯ. ಹೊರಡುವಾಗ ಹೇಳಿದೆ, "ಗಾಯ ಒಣಗಿದೆ ಅತ್ತಿಗೆ. ಇನ್ನು ಪಾಚಿ ಬೇಡ, ಒಣ ಗಾಯಕ್ಕೆ ಹಾಕಿದ್ರೆ ಇದೂ ಅಂಟ್ಕೊಂಡು ಬಿಡುತ್ತೆ. ಬರೀ ಮುಲಾಮು ಹಚ್ಚಿ." ಉಳಿದ ಒಂದು ಪ್ಯಾಕೆಟ್ಟನ್ನು ನಾನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದೆ. ಯಾಕೆಂದು ನನಗೇ ಗೊತ್ತಿರಲಿಲ್ಲ.

ಇವತ್ತು ಊಟವಾದ ಮೇಲೆ ಮೌಲ್ಯ ನನ್ನ ನೈಟಿ ಎಳೆದು "ಪಾಚಿ" ಅಂದಳು. "ಅತ್ತೆ ಇಲ್ಲ ಕಣಮ್ಮ, ಊರಿಗೆ ಹೋಗಿದ್ದಾಳೆ" ಅಂದೆ. ಮತ್ತೆ "ಪಾಚಿ." ರಾಗ ತೆಗೆದಳು. ನಾನು ಬೀರು ತೆಗೆದು ಆ ಪ್ಯಾಕೆಟ್ ಹಿಡಿದು ನಿಂತೆ. ಒಡೆದರೆ ಸಾಕು, ಇವತ್ತಿಗೆ ನಾನೇ ಪಾಚಿಯವಳು. ಯಾರೂ ನೋಡುವವರಿಲ್ಲ. ಬೆರಳು ಪ್ಯಾಕೆಟ್ಟಿನ ಅಂಚಿನ ಮೇಲಿತ್ತು. ಅಂಟಿಕೊಂಡರೆ ಮತ್ತೆ ಕೀಳಬೇಕು, ಮತ್ತೆ ನಾನೇ ಹಿಡಿಯಬೇಕು ಎಂಬುದು ಕಣ್ಣ ಮುಂದೆ ಬಂತು. ಒಳಗಿಟ್ಟು ಬೀರು ಹಾಕಿದೆ. ಅಳಲಿ, ಬೇಕಾದರೆ ನಿನ್ನ ಹೆಸರು ಹಿಡಿದೇ ಅಳಲಿ ಎಂದುಕೊಂಡು ಬರಿಗೈಯಲ್ಲಿ ಬಂದು ಚಾಪೆಯ ಮೇಲೆ ಕೂತೆ.

ಅವಳು ನನ್ನ ಬರಿಗೈಯನ್ನು ನೋಡಲೂ ಇಲ್ಲ. ಕಣ್ಣು ಉಜ್ಜಿಕೊಳ್ಳುತ್ತಾ ಬಂದು, ನನ್ನ ಎಡತೊಡೆಯ ಮೇಲೆ ತಲೆಯಿಟ್ಟು, ಮೊದಲಿನ ಹಾಗೆಯೇ ನನ್ನ ಹೆಬ್ಬೆರಳು ಹಿಡಿದುಕೊಂಡಳು. "ಅಮ್ಮ, ಪಾಚಿ" ಅಂದಳು. ಅಷ್ಟೇ. ನಿದ್ದೆ ಹೋದಳು.

ಅವಳು ಕೇಳಿದ್ದು ನಿದ್ದೆಯನ್ನು, ಸಿಂಚನ. ನಾನು ಬೀರುವಿನಲ್ಲಿ ಸಮುದ್ರ ಹುಡುಕುತ್ತಿದ್ದೆ.

ಕಾಲಿನ ಜೋಮಿಗೆ ಕಾರಣ ಇದು. ಫ್ರಾಕು ಮೇಲೆ ಸರಿದಿದೆ, ಗಾಯದ ಜಾಗ ತೆಳು ಗುಲಾಬಿ ಬಣ್ಣಕ್ಕೆ ತಿರುಗಿದೆ. ನೀನು ಮಾಡಿದ್ದು. ಚೆನ್ನಾಗಿ ಮಾಡಿದ್ದೀಯ. ಇದನ್ನು ಬರೆಯಲು ಇಷ್ಟು ಹೊತ್ತು ಬೇಕಾಯಿತು.

ಒಡೆಯದ ಆ ಪ್ಯಾಕೆಟ್ಟನ್ನು ನಿಮ್ಮಣ್ಣನ ಕೈಲಿ ಕಳಿಸುತ್ತಿದ್ದೇನೆ. ಅಲ್ಲಿ ಯಾವುದಾದರೂ ಮಗುವಿಗೆ ಬೇಕಾದೀತು. ಅದನ್ನು ಹಾಕುವಾಗ ಮಗುವಿನ ಕೈ ಹಿಡಿದು ಪಕ್ಕದಲ್ಲಿ ಒಬ್ಬಳು ಕೂತಿರುತ್ತಾಳೆ. ಅವಳಿಗೂ ಒಂದು ಮಾತು ಹೇಳು. ಏನೆಂದು ನಿನಗೆ ಗೊತ್ತು, ಅವತ್ತು ನಿಮ್ಮಮ್ಮನ ಹತ್ತಿರ ನನ್ನ ಬಗ್ಗೆ ಹೇಳಿದೆಯಲ್ಲ.

ಸಮುದ್ರದ ಪಾಚಿ ನಿನಗಿರಲಿ. ನಮ್ಮನೆ ಪಾಚಿ ನನ್ನದು, ಅದನ್ನು ಮಾತ್ರ ಕೊಡಲಾರೆ. ಮುಂದಿನ ರಜಕ್ಕೆ ಬಾ. ನೀನು ಬಂದ ತಕ್ಷಣ ಅವಳು ನನ್ನನ್ನು ಬಿಟ್ಟು ನಿನ್ನ ಸ್ಕೂಟರ್ ಹತ್ತುತ್ತಾಳೆಂದು ಗೊತ್ತು. ಆದರೂ ಬಾ.

ನನ್ನದು ಇನ್ನೂ ಸ್ವಲ್ಪ ಉರಿಯುತ್ತಿದೆ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅತ್ತಿಗೆ,
ಪದ್ಮಶ್ರೀ
ಮಧುರೆ